ಮಗಳಿಗೊಂದು ಪತ್ರ: ಆರಾಧನೆ ಮುಗಿದ ಮೇಲೆ ಸ್ವಲ್ಪ ನಿಲ್ಲು ಪುಟ್ಟಿ

ಪ್ರೀತಿಯ ಪುಟ್ಟಿಗೆ,

ಕರ್ತನ ಕೃಪೆಯಿಂದ ನಾವಿಲ್ಲಿ ಎಲ್ಲ ಕ್ಷೇಮ. ಅಜ್ಜಿಗೆ ಮಂಡಿನೋವು ಸ್ವಲ್ಪ ಜಾಸ್ತಿ, ಮಳೆಗಾಲ ಅಲ್ವಾ, ಅದು ಬಿಟ್ರೆ ಏನಿಲ್ಲ. ನೀನು ಮೊನ್ನೆ ಜರ್ಮನಿಯಿಂದ ವಾಟ್ಸಾಪಲ್ಲಿ ಹಾಕಿದ್ದನ್ನ ಮತ್ತೆ ಮತ್ತೆ ಓದಿದೆ. "ಅಮ್ಮಾ ನಾನು ಇಲ್ಲಿ ಚರ್ಚಿಗೆ ಹೋಗುವುದು ಬಿಟ್ಟೆ, ಅಷ್ಟು ದೊಡ್ಡ ಚರ್ಚು, ಒಳಗೆ ನಾಲ್ಕು ಜನ ಅಜ್ಜ ಅಜ್ಜಿಯಂದಿರು, ಯಾರೂ ಮಾತಾಡ್ಸುವುದಿಲ್ಲ, ರೂಮಲ್ಲೇ ಪ್ರಾರ್ಥನೆ ಮಾಡ್ತೇನೆ, ಯೇಸುವನ್ನೇನೂ ಬಿಟ್ಟಿಲ್ಲ, ಅಷ್ಟು ಸಾಕಲ್ವಾ" ಅಂತ. ಫೋನಲ್ಲಾದ್ರೆ ನಾನು ಅರ್ಧ ಹೇಳೋ ಅಷ್ಟೊತ್ತಿಗೆ ನಿಂಗೆ ಲ್ಯಾಬಿಗೆ ಟೈಮಾಗತ್ತೆ, ಅದಕ್ಕೆ ಕೂತು ಟೈಪ್ ಮಾಡ್ತಿದೀನಿ, ಬಸ್ಸಲ್ಲಿ ಓದ್ಕೋ.

ನಂಗೆ ಸಿಟ್ಟಿಲ್ಲ ಪುಟ್ಟಿ, ಮೊದಲು ಅದನ್ನ ತಿಳ್ಕೋ. ರೂಮಲ್ಲಿ ಮಾಡೋ ಪ್ರಾರ್ಥನೆ ದೇವರಿಗೆ ಕೇಳಲ್ಲ ಅಂತಾನೂ ನಾನು ಹೇಳಲ್ಲ. ಆದ್ರೆ ಸಾಕಾ ಅಂತ ಕೇಳಿದ್ಯಲ್ಲ, ಸಾಕಾಗಲ್ಲ. ಯಾಕೆ ಅಂತ ನಂಗೆ ಗೊತ್ತಿರೋ ಹಾಗೆ ಹೇಳ್ತೀನಿ.

ನಾನು ಈ ಚರ್ಚಿಗೆ ಸೊಸೆಯಾಗಿ ಬಂದಾಗ ತುಳು ಒಂದಕ್ಷರ ಬರ್ತಿರ್ಲಿಲ್ಲ ಅಂತ ನಿಂಗೆ ಗೊತ್ತು. ಶಿವಮೊಗ್ಗದಲ್ಲಿ ನಮ್ಮದೆಲ್ಲ ಕನ್ನಡ ಆರಾಧನೆ, ಇಲ್ಲಿ ಬಂದು ನೋಡಿದ್ರೆ ಗೀತೆ ತುಳು, ಪ್ರಸಂಗದಲ್ಲಿ ಅರ್ಧ ತುಳು, ಹೊರಗೆ ಬಂದ್ಮೇಲೆ ಮಾತೆಲ್ಲಾ ತುಳು. ಪುಸ್ತಕ ಕನ್ನಡ ಲಿಪಿಯಲ್ಲೇ ಇರತ್ತೆ, ಓದ್ಬಹುದು, ಆದ್ರೆ ಏನು ಓದ್ತಿದೀನಿ ಅಂತ ತಿಳಿಯಲ್ಲ, ಎಲ್ಲರೂ ಮೂರನೇ ಚರಣದಲ್ಲಿದ್ರೆ ನಾನು ಇನ್ನೂ ಒಂದನೇದ್ರಲ್ಲಿ. ಮೊದಲನೇ ಭಾನುವಾರ ಹೆಂಗಸರ ಬೆಂಚಲ್ಲಿ ನನ್ನ ಪಕ್ಕ ಕೂತವರು ಕಾರ್ಖಾನೆ ಅಜ್ಜಿ, ನಿಂಗೆ ಅವರ ನೆನಪು ಇರ್ಲಿಕ್ಕಿಲ್ಲ, ಅವರಿದ್ದಾಗ ನೀನು ತುಂಬಾ ಸಣ್ಣವಳು. ಅವರು ಏನೂ ಮಾತಾಡ್ಲಿಲ್ಲ, ನನ್ನ ಪುಸ್ತಕದ ಮೇಲೆ ಬೆರಳಿಟ್ಟು ಎಲ್ಲರೂ ಹಾಡ್ತಿದ್ದ ಸಾಲನ್ನ ತೋರ್ಸಿದ್ರು, ಆ ಸಾಲು ಮುಗಿದ ತಕ್ಷಣ ಬೆರಳು ಕೆಳಗಿನ ಸಾಲಿಗೆ. ಗಂಟುಗಂಟಾದ ಬೆರಳು, ಉಗುರು ಒಡೆದಿತ್ತು. ಅವರಿಗೆ ಓದೋಕೆ ಸರಿಯಾಗಿ ಬರಲ್ಲ, ಹಾಡೆಲ್ಲ ಬಾಯಿಪಾಠ, ಆದ್ರೆ ಪುಟದಲ್ಲಿ ಯಾವ ಚರಣ ಎಲ್ಲಿದೆ ಅಂತ ಗೊತ್ತು ಅಂತ ನಂಗೆ ಆಮೇಲೆ ತಿಳೀತು. ಪ್ರತಿ ಭಾನುವಾರ ಹಾಗೇ, ನಂಗೆ ತುಳು ಬರೋ ತನಕ.

ಅವರು ಮಲ್ಪೆಯ ಹೆಂಚಿನ ಕಾರ್ಖಾನೇಲಿ ಹೆಂಚು ಹೊತ್ತವರು. ಅವರ ಅಮ್ಮ, ಅಜ್ಜಿ ಎಲ್ಲರೂ ಅಲ್ಲೇ, ಹಿಂದೆ ಅದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನವರದ್ದು, ಮೊದಲನೇ ಮಹಾಯುದ್ಧದಲ್ಲಿ ಸರ್ಕಾರ ಕಿತ್ಕೊಂಡು ಆಮೇಲೆ ಕಾಮನ್‌ವೆಲ್ತ್ ಅನ್ನೋ ಕಂಪನಿ ಆಯ್ತು. ನಿಂಗೆ ಈ ಕತೆ ಬೋರು ಅನ್ನಿಸ್ಬಹುದು, ಸಂಡೇ ಸ್ಕೂಲಲ್ಲಿ ಆ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದ್ರು ಅಂತ ಬಾಯಿಪಾಠ ಮಾಡ್ಸಿದ್ದಾರಲ್ಲ. ಆದ್ರೆ ಕಾರ್ಖಾನೆ ಯಾಕೆ ಕಟ್ಟಿದ್ರು ಅನ್ನೋದು ನಂಗೆ ಮುಖ್ಯ. ಆ ಕಾಲದಲ್ಲಿ ಒಬ್ಬ ದೀಕ್ಷಾಸ್ನಾನ ತಗೊಂಡ ಅಂದ್ರೆ ಮನೆಯಿಂದ ಹೊರಗೆ, ಜಾತಿಯಿಂದ ಹೊರಗೆ, ಗೇಣಿಗೆ ಮಾಡ್ತಿದ್ದ ಗದ್ದೆ ಹೋಯ್ತು, ಮೂರ್ತೆ ಕೆಲ್ಸ, ಅಂದ್ರೆ ಕಳ್ಳು ಇಳಿಸೋ ಕೆಲ್ಸ, ಮಾಡ್ತಿದ್ದವನಿಗೆ ಅದೂ ಹೋಯ್ತು, ಊರ ಬಾವೀಲಿ ನೀರಿಲ್ಲ. ಅಂಥವರನ್ನ ಬಾ ಅಣ್ಣಾ ಕೂತ್ಕೋ ಹಾಡು ಹಾಡು ಅಂತ ಹೇಳಿ ಕಳ್ಸಿದ್ರೆ ರಾತ್ರಿಗೆ ಅವನು ಏನು ತಿನ್ಬೇಕು? ಅದಕ್ಕೇ ನೇಯ್ಗೆ ಹಾಕಿದ್ರು, ಮಂಗಳೂರಿನ ಬಲ್ಮಠದಲ್ಲಿ ಪ್ರೆಸ್ ಮಾಡಿದ್ರು, 1865ರಲ್ಲಿ ಪ್ಲೆಬ್ಸ್ಟ್ ಅನ್ನೋರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ಮಂಗಳೂರು ಹೆಂಚು ಅಂತ ಇಡೀ ದೇಶಕ್ಕೆ ಗೊತ್ತು, ಅದರ ಬುಡದಲ್ಲಿ ಇರೋದು ಮನೆ ಕಳ್ಕೊಂಡವರಿಗೆ ಒಂದು ಕೂಲಿ ಬೇಕು ಅನ್ನೋ ಚಿಂತೆ. ಆ ಕಾರ್ಖಾನೇಲೂ ಕಷ್ಟ ಇತ್ತು, ದೊರೆಗಳ ದರ್ಬಾರು ಇತ್ತು, ಕಾರ್ಖಾನೆ ಅಜ್ಜಿ ಹೇಳ್ತಿದ್ರು. ಆದ್ರೂ ನಮ್ಮ ಸಭೆಯಲ್ಲಿ ಒಬ್ಬರನ್ನ ಸೇರಿಸ್ಕೊಳ್ಳೋದು ಅಂದ್ರೆ ಬಾಗಿಲಲ್ಲಿ ನಿಂತು ಕೈ ಕುಲುಕಿ ನಗೋದಷ್ಟೇ ಅಲ್ಲ, ಅವತ್ತಿಂದ ಅವರ ಒಲೆ ಉರಿಯೋದೂ ನಮ್ಮ ಜವಾಬ್ದಾರಿ ಅಂತ ನಾನು ಕಲ್ತದ್ದು ಹೀಗೆ.

ಇನ್ನು ನಿನ್ನ ಪಪ್ಪ ತೀರ್ಕೊಂಡಾಗಿನ ವಿಷ್ಯ. ನಾನು ಇದನ್ನ ನಿನ್ನ ಹತ್ರ ಸರಿಯಾಗಿ ಮಾತಾಡಿಲ್ಲ, ನೀನು ಆಗ ಏಳನೇ ಕ್ಲಾಸು. ಜುಲೈ-ಆಗಸ್ಟಿನ ಆಟಿ ತಿಂಗಳು, ಆ ಮಳೆ ನಿಂಗೂ ನೆನಪಿರ್ಬೇಕು. ರಾತ್ರಿ ಇಡೀ ಕ್ವಾಯರಿನವರು ನಮ್ಮ ಚಾವಡೀಲಿ ಕೂತು ಹಾಡಿದ್ರು, ಕರೆಂಟಿಲ್ಲ, ಹಾರ್ಮೋನಿಯಂ ಪಕ್ಕ ಒಂದು ಎಮರ್ಜೆನ್ಸಿ ಲೈಟು. ಬೆಳಿಗ್ಗೆ ಸ್ಮಶಾನದಲ್ಲಿ ಗುಂಡಿ ತೆಗೀಲಿಕ್ಕೆ ಹೋದವರು ಯುವಜನ ಕೂಟದ ಹುಡುಗರು, ಕೂಲಿಯವರಲ್ಲ. ಅಲ್ಲಿ ಕೆಳಗೆಲ್ಲ ಮುರಕಲ್ಲು, ಪಿಕ್ಕಾಸಲ್ಲಿ ಹೊಡೆದು ಹೊಡೆದು ತೆಗೆದ್ರೆ ಅಷ್ಟೊತ್ತಿಗೆ ನೀರು ತುಂಬ್ತಿತ್ತು, ಬಕೆಟಲ್ಲಿ ಎತ್ತಿ ಎತ್ತಿ ಹಾಕಿದ್ರಂತೆ, ಪೆಟ್ಟಿಗೆ ಇಳಿಸೋ ತನಕವೂ ಇಬ್ಬರು ಸೊಂಟದವರೆಗೆ ಕೆಸರಲ್ಲಿ ನಿಂತು ನೀರು ಎತ್ತುತ್ತಲೇ ಇದ್ರು, ಪಪ್ಪನ್ನ ನೀರಲ್ಲಿ ಇಡ್ಬಾರ್ದು ಅಂತ. ಆ ಇಬ್ಬರಲ್ಲಿ ಒಬ್ಬನ ಮನೆಯವರಿಗೂ ನಮಗೂ ಹಿತ್ತಲಿನ ಗಡಿ ವಿಷ್ಯದಲ್ಲಿ ಮಾತೇ ಇರ್ಲಿಲ್ಲ ಪುಟ್ಟಿ. ಮನೆಗೆ ಬಂದ್ರೆ ಸ್ತ್ರೀ ಕೂಟದವರು ಗಂಜಿ ಮಾಡಿಟ್ಟಿದ್ರು, ಹುರುಳಿ ಚಟ್ನಿ, ಉಪ್ಪಿನಕಾಯಿ.

ಅದಾದ್ಮೇಲೆ ನಂಗೆ ಪ್ರಾರ್ಥನೆ ಮಾಡೋಕೆ ಆಗ್ಲಿಲ್ಲ. ಸುಮ್ನೆ ಹೇಳ್ತಿಲ್ಲ, ನಿಜವಾಗ್ಲೂ ಬಾಯಿಗೆ ಮಾತು ಬರ್ಲಿಲ್ಲ. ರಾತ್ರಿ ಮಂಡಿಯೂರಿ ಕೂತ್ರೆ ಒಳಗೆ ಖಾಲಿ. ದೇವರ ಮೇಲೆ ಸಿಟ್ಟಿತ್ತೋ ಇಲ್ಲ ದೇವರೇ ಇಲ್ಲ ಅಂತ ಅನ್ನಿಸ್ತಿತ್ತೋ ಈಗ್ಲೂ ಹೇಳೋಕಾಗಲ್ಲ. ಆದ್ರೆ ಭಾನುವಾರ ನಿನ್ನ ಅಜ್ಜಿ ಎಳ್ಕೊಂಡು ಹೋಗ್ತಿದ್ರು ಅಂತ ಹೋಗ್ತಿದ್ದೆ, ನಿನ್ನ ಕೈ ಹಿಡ್ಕೊಂಡು ಕೂರ್ತಿದ್ದೆ. ಎಲ್ಲರೂ ಕರ್ತನ ಪ್ರಾರ್ಥನೆ ಹೇಳ್ವಾಗ ನಾನು ಸುಮ್ನೆ. ಯಾರೂ ನನ್ನ ಮುಖ ತಿರುಗಿ ನೋಡ್ಲಿಲ್ಲ, ಯಾಕೆ ಹೇಳ್ತಿಲ್ಲ ಅಂತ ಕೇಳ್ಲಿಲ್ಲ. ನಾನು ಹೇಳ್ಬೇಕಾದದ್ದನ್ನ ನನ್ನ ಹಿಂದೆ ಮುಂದೆ ಇದ್ದವರು ಹೇಳಿದ್ರು, ಹಾಡ್ಬೇಕಾದದ್ದನ್ನ ಅವರು ಹಾಡಿದ್ರು, ನಾನು ಅದರ ಮಧ್ಯದಲ್ಲಿ ಕೂತಿದ್ದೆ ಅಷ್ಟೆ. ನನ್ನ ನಂಬಿಕೆಯನ್ನ ಆಗ ನಾನು ಇಟ್ಕೊಂಡಿರ್ಲಿಲ್ಲ, ಅವರು ಇಟ್ಕೊಂಡಿದ್ರು. ಕ್ರಿಸ್ಮಸ್ಸಿಗೆ ಮುಂಚೆ ಒಂದು ಭಾನುವಾರ ನನ್ನ ಬಾಯಿಂದ ತನ್ನಿಂದ ತಾನೇ ಹಾಡು ಬಂತು. ರೂಮಲ್ಲಿ ಒಬ್ಬಳೇ ಇದ್ದಿದ್ರೆ ನನ್ನ ನಂಬಿಕೆ ಆ ಆಟಿಯಲ್ಲೇ ಮುಗೀತಿತ್ತು. ಅದಕ್ಕೇ ಸಾಕಾಗಲ್ಲ ಅಂದೆ. ಗಟ್ಟಿ ಇರೋ ದಿನ ರೂಮು ಸಾಕು, ಇಲ್ಲದ ದಿನ ಪಕ್ಕದಲ್ಲಿ ಜನ ಬೇಕು, ಆ ಜನ ಅವತ್ತೇ ಹುಡುಕಿದ್ರೆ ಸಿಗಲ್ಲ.

ನಮ್ಮ ಚರ್ಚು ಸ್ವರ್ಗ ಅಂತ ಹೇಳ್ತಿಲ್ಲ. ಕಮಿಟಿ ಎಲೆಕ್ಷನ್ ಬಂದ್ರೆ ಏನೇನಾಗತ್ತೆ ನೀನೇ ನೋಡಿದ್ದಿ. ಯಾರ ಕುಟುಂಬ, ಯಾವ ಕಡೆಯವರು ಅಂತ ಕೇಳೋ ಚಾಳಿ ಇನ್ನೂ ಹೋಗಿಲ್ಲ, ಅದು ನಂಗೆ ತುಂಬಾ ಬೇಜಾರು. ಮಲ್ಪೆ ಬಂದರಲ್ಲಿ ಬೋಟಿನ ಕೆಲ್ಸಕ್ಕೆ ಬಂದ ಜಾರ್ಖಂಡಿನ ಹುಡುಗರು ಚರ್ಚಿಗೆ ಬರೋಕೆ ಶುರು ಮಾಡಿದಾಗ್ಲೂ ಗುಸುಗುಸು ಇತ್ತು. ಪಾಪ ಅವರು ಊರಲ್ಲಿ ತಲೆಮಾರಿಂದ ಲುಥರನ್ ಸಭೆಯವರು, ಎಲ್ಲರಿಗಿಂತ ಮುಂಚೆ ಬಂದು ಎಲ್ಲರ ಹಿಂದೆ ಬಾಗಿಲ ಹತ್ರ ಕೂರ್ತಿದ್ರು, ಆರಾಧನೆ ಮುಗಿದ ತಕ್ಷಣ ಹೋಗ್ಬಿಡ್ತಿದ್ರು, ನಿನ್ನ ಹಾಗೇ. ಈಗಿರೋ ಸಭಾಪಾಲಕರು ಒಂದು ಕೆಲ್ಸ ಮಾಡಿದ್ರು, ಅವರಲ್ಲಿ ಒಬ್ಬನನ್ನ ಕರೆದು ಮುಂದಿನ ವಾರ ಸುವಾರ್ತೆ ಪಾಠ ಹಿಂದಿಯಲ್ಲಿ ನೀನು ಓದು ಅಂದ್ರು. ಅವನು ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಬಂದು, ಕೈ ನಡುಗ್ತಾ, ಮತ್ತಾಯ 25 ಓದಿದ. ಪರದೇಶಿಯಾಗಿ ಬಂದವನನ್ನ ಸೇರಿಸ್ಕೊಂಡ್ರೆ ನನ್ನನ್ನೇ ಸೇರಿಸ್ಕೊಂಡ ಹಾಗೆ ಅಂತ ಯೇಸು ಹೇಳೋ ಭಾಗ, ಸಭಾಪಾಲಕರು ಬೇಕಂತಲೇ ಆರಿಸಿದ್ರು ಅಂತ ನಂಗೆ ಅನುಮಾನ. ಅವತ್ತು ಮುಗಿದ ಮೇಲೆ ಅವನನ್ನ ಚಾಗೆ ನಿಲ್ಸಿದ್ರು.

ಕಳೆದ ಬೆಳೆ ಹಬ್ಬದ ಏಲಂ ಕತೆ ನಿಂಗೆ ಹೇಳಿದ್ನಾ? ಯಾವಾಗಿನ ಹಾಗೆ ಎಲ್ಲರೂ ಪ್ರಥಮ ಫಲ ಅಂತ ತಂದಿದ್ರು, ಬೊಂಡದ ಗೊನೆ, ಸೌತೆಕಾಯಿ, ಬಸಳೆ, ನಮ್ಮನೆಯಿಂದ ಎರಡು ಕುಂಬಳಕಾಯಿ. ಒಂದು ಒಳ್ಳೇ ಊರಿನ ಹುಂಜ ಬಂತು, ಅಂಥದ್ದಕ್ಕೆ ಪ್ರತಿ ವರ್ಷ ಗಂಡಸರು ಹಠಕ್ಕೆ ಬಿದ್ದು ಸಾವಿರ ಗಟ್ಟಲೆ ಏರಿಸ್ತಾರಲ್ಲ. ಆ ಜಾರ್ಖಂಡಿನ ಹುಡುಗ ಹಿಂದಿನಿಂದ ಕೈ ಎತ್ತಿ ಮೆಲ್ಲಗೆ "ಇನ್ನೂರು" ಅಂದ. ಇಡೀ ಅಂಗಳ ಒಂದು ಕ್ಷಣ ಸುಮ್ಮನಾಯ್ತು. ಏಲಂ ಕೂಗೋರು ಯಾರ ಮುಖಾನೂ ನೋಡ್ದೆ ಒಂಜಿ, ರಡ್ಡ್, ಮೂಜಿ ಅಂತ ಒಂದೇ ಉಸಿರಲ್ಲಿ ಕೂಗಿ ಹುಂಜನ್ನ ಅವನ ಕೈಗೆ ಕೊಟ್ಬಿಟ್ರು. ಒಬ್ಬರೂ ತಕರಾರು ಮಾಡ್ಲಿಲ್ಲ. ಅದರ ಹಿಂದಿನ ವರ್ಷ ಇದೇ ಗಂಡಸರು ಒಂದು ಹಲಸಿಗೆ ಜಗಳ ಆಡಿದ್ರು! ನಂಗೆ ಕಣ್ಣಲ್ಲಿ ನೀರು ಬಂತು ಪುಟ್ಟಿ. ಈಗ ಆ ಹುಡುಗರೇ ಶಾಮಿಯಾನ ಕಟ್ಟೋದು, ಬೆಂಚು ಹೊರೋದು, ತಿಂಗಳಿಗೊಮ್ಮೆ ಒಂದು ಗೀತೆ ಹಿಂದಿಯಲ್ಲಿ ಹಾಡ್ತೀವಿ, ಕಾರ್ಖಾನೆ ಅಜ್ಜಿ ಇದ್ದಿದ್ರೆ ಅದನ್ನೂ ಬಾಯಿಪಾಠ ಮಾಡ್ತಿದ್ರು.

ನೀನು ಈಗ ಇರೋ ಊರು ನಮಗೆ ಹೊರಗಿನದ್ದಲ್ಲ ಅಂತಾನೂ ಹೇಳ್ಬೇಕು. ಕನ್ನಡ ನಿಘಂಟು ಬರೆದ ಬಾಸೆಲ್ ಮಿಷನ್ನಿನ ಕಿಟ್ಟೆಲ್ ತೀರ್ಕೊಂಡದ್ದು 1903ರಲ್ಲಿ ಟ್ಯೂಬಿಂಗನ್‌ನಲ್ಲೇ. 1853ರಲ್ಲಿ ಇಲ್ಲಿಗೆ ಬಂದಾಗ ಅವರೂ ಹರೆಯದ ಹುಡುಗನೇ, ಧಾರವಾಡದಲ್ಲಿ, ಮಂಗಳೂರಲ್ಲಿ, ಮಡಿಕೇರಿಯಲ್ಲಿ ನಮ್ಮ ಜನರ ಜೊತೆ ಕೂತು ಕನ್ನಡ ಕಲಿತ್ರು, 1894ರಲ್ಲಿ ನಿಘಂಟು ಮಂಗಳೂರಲ್ಲಿ ಅಚ್ಚಾಯ್ತು, ಎರಡು ವರ್ಷ ಆದ್ಮೇಲೆ ಅವರಿಗೆ ಡಾಕ್ಟರೇಟ್ ಕೊಟ್ಟದ್ದು ನೀನೀಗ ಓದ್ತಿರೋ ಯೂನಿವರ್ಸಿಟಿ. ಮಂಗಳೂರಿನ ಆನಂದರಾವ್ ಕೌಂಡಿನ್ಯರು ಅದಕ್ಕೂ ಮುಂಚೆ, 1844ರಲ್ಲಿ ದೀಕ್ಷಾಸ್ನಾನ ಆಗಿ ಬಾಸೆಲ್‌ಗೆ ಹೋಗಿ ಕಲಿತು 1851ರಲ್ಲಿ ವಾಪಸ್ ಬಂದ್ರು, ಆಮೇಲೆ ಜರ್ಮನ್ ಹುಡುಗಿಯನ್ನೇ ಮದುವೆ ಆದ್ರು. ಆ ಕಾಲದಲ್ಲಿ, ಆ ಚಳಿಯಲ್ಲಿ, ಮನೆಯವರೆಲ್ಲ ಕೈಬಿಟ್ಟ ಒಬ್ಬ ಸಾರಸ್ವತರ ಹುಡುಗ ಅಲ್ಲಿ ಹೇಗಿದ್ದಿರ್ಬಹುದು ಅಂತ ನಾನು ಎಷ್ಟೋ ಸಲ ಯೋಚ್ನೆ ಮಾಡಿದೀನಿ. ಯಾರೋ ಒಬ್ಬರು ಅವರಿಗೂ ಪುಸ್ತಕದಲ್ಲಿ ಸಾಲು ತೋರ್ಸಿರ್ಬೇಕು.

ಆ ಅಜ್ಜ ಅಜ್ಜಿಯಂದಿರು ಮಾತಾಡ್ಸಲ್ಲ ಅಂದ್ಯಲ್ಲ, ಅವರಿಗೂ ನಿನ್ನ ಹತ್ರ ಹೇಗೆ ಮಾತಾಡೋದು ಅಂತ ಗೊತ್ತಿಲ್ದೇ ಇರ್ಬಹುದು. ಮಕ್ಕಳು ದೂರದ ಊರಲ್ಲಿ, ಚರ್ಚಲ್ಲಿ ಎಳೇ ಮುಖ ಇಲ್ಲ, ಅಂಥಲ್ಲಿ ನೀನು ಹಿಂದೆ ಕೂತು ಆಶೀರ್ವಾದ ಮುಗಿದ ತಕ್ಷಣ ಜಾಕೆಟ್ ಹಾಕ್ಕೊಂಡು ಓಡಿದ್ರೆ ಅವರು ಯಾರನ್ನ ಮಾತಾಡ್ಸ್ಬೇಕು? ಆರಾಧನೆ ಆದ್ಮೇಲೆ ಹಾಲಲ್ಲಿ ಕಾಫಿ ಇರತ್ತೆ ಅಂತ ನೀನೇ ಒಂದ್ಸಲ ಹೇಳಿದ್ದೆ. ಈ ಭಾನುವಾರ ಹೋಗು, ಮಧ್ಯದ ಬೆಂಚಲ್ಲಿ ಯಾರಾದ್ರೂ ಒಬ್ಬ ಅಜ್ಜಿ ಪಕ್ಕ ಕೂರು, ಪಾಠ ಎಲ್ಲಿ ಓದ್ತಿದ್ದಾರೆ ಅಂತ ತಿಳೀದಿದ್ರೆ ನಿನ್ನ ಪುಸ್ತಕಾನ ಅವರ ಕಡೆ ತಿರುಗಿಸು, ಮುಗಿದ ಮೇಲೆ ಕಾಫಿಗೆ ನಿಲ್ಲು. ಹತ್ತು ನಿಮಿಷ ನಿಂತ್ರೆ ಸಾಕು. ನಿನ್ನ ಜರ್ಮನ್ ಹರುಕು ಮುರುಕಾದ್ರೂ ಪರವಾಗಿಲ್ಲ, ನನ್ನ ತುಳು ಕೇಳಿದವರು ಬದುಕಿದ್ದಾರೆ. ಕಪ್ಪು ತೊಳೀಲಿಕ್ಕೆ ಯಾರಾದ್ರೂ ಹೋದ್ರೆ ನೀನೂ ಹೋಗು, ಸಿಂಕಿನ ಹತ್ರ ಹೆಂಗಸರು ಮಾತಾಡಿಯೇ ಮಾತಾಡ್ತಾರೆ, ಯಾವ ದೇಶ ಆದ್ರೂ.

ಅಜ್ಜಿ ನಿಂಗೆ ಸಂಡಿಗೆ, ಹಪ್ಪಳ, ಮೀನಿನ ಮಸಾಲೆ ಪ್ಯಾಕ್ ಮಾಡಿದ್ದಾರೆ, ಮುಂದಿನ ತಿಂಗಳು ಬರೋರ ಹತ್ರ ಕಳಿಸ್ತೀನಿ, ಹಪ್ಪಳ ಸ್ವಲ್ಪ ಚರ್ಚಿಗೂ ತಗೊಂಡು ಹೋಗು. ಈ ಸಲ ಬೆಳೆ ಹಬ್ಬಕ್ಕೆ ನಿನ್ನ ಹೆಸರಲ್ಲಿ ಏನಿಡ್ಲಿ ಅಂತ ಹೇಳು, ಹಿತ್ತಲ ಬಸಳೆ ಚೆನ್ನಾಗಿ ಬಂದಿದೆ. ಭಾನುವಾರ ಕಾಫಿ ಮುಗಿಸಿ ಕಾಲ್ ಮಾಡು, ನಮಗೆ ಆಗ ಮಧ್ಯಾಹ್ನ ಮೂರು ಗಂಟೆ ಆಗಿರತ್ತೆ, ನಾನು ಮಲಗದೆ ಕಾಯ್ತಿರ್ತೀನಿ.

ಕರ್ತನು ನಿನ್ನನ್ನ ಕಾಯಲಿ.

ನಿನ್ನ ಅಮ್ಮ