ನಿಲ್ದಾಣ ಮರುನಿರ್ಮಾಣ: ಉಳಿದಿರುವ ಒಂದೇ ಮೇಲ್ಸೇತುವೆಯ ಬಗ್ಗೆ ದೂರು

ಯೋಜನಾ ವ್ಯವಸ್ಥಾಪಕರಿಗೆ,
ನಮ್ಮ ರೈಲು ನಿಲ್ದಾಣದ ಕಾಮಗಾರಿ ಗುತ್ತಿಗೆ ಸಂಸ್ಥೆ

ವಿಷಯ: ಕೆಲಸ ಮುಗಿಯುವವರೆಗೆ ತಾತ್ಕಾಲಿಕ ಮೇಲ್ಸೇತುವೆ ಹಾಕಿಕೊಡುವ ಬಗ್ಗೆ

ಮಾನ್ಯರೇ,

ನಾನು ಹನ್ನೊಂದು ವರ್ಷದಿಂದ ಮಂತ್ಲಿ ಪಾಸಿನಲ್ಲಿ ಓಡಾಡುವವಳು. ನಿಲ್ದಾಣ ದೊಡ್ಡದಾಗಬೇಕು ಅಂತ ಮನವಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಧೂಳು, ಸದ್ದು, ತಗಡಿನ ಬೇಲಿ ಯಾವುದರ ಬಗ್ಗೆಯೂ ನನ್ನ ತಕರಾರಿಲ್ಲ.

ತಕರಾರಿರುವುದು ಮೆಟ್ಟಿಲಿನದು. ಇದ್ದ ಎರಡು ಮೇಲ್ಸೇತುವೆಗಳಲ್ಲಿ ಒಂದನ್ನು ನೀವು ಜನವರಿಯಲ್ಲಿ ಒಡೆದಿರಿ. ಬದಲಿಗೆ ಏನೂ ಕೊಡಲಿಲ್ಲ. ಈಗ ನಾಲ್ಕು ಪ್ಲಾಟ್‌ಫಾರ್ಮಿನ ಜನ ಒಂದೇ ಸೇತುವೆ ಹತ್ತಿ ಇಳಿಯಬೇಕು. ಬೆಳಿಗ್ಗೆ ಎಂಟೂವರೆಗೆ ಮೆಮು ಲೋಕಲ್ ರೈಲು ಖಾಲಿಯಾಗುವ ಹೊತ್ತಿಗೇ ಪಕ್ಕಕ್ಕೆ ಎಕ್ಸ್‌ಪ್ರೆಸ್ ಬರುತ್ತದೆ. ಕಳೆದ ಸೋಮವಾರ ಕೊನೇ ಗಳಿಗೆಯಲ್ಲಿ ಪ್ಲಾಟ್‌ಫಾರ್ಮನ್ನೂ ಬದಲಾಯಿಸಿದರು. ಮೆಟ್ಟಿಲಲ್ಲಿ ನನ್ನ ಮುಂದಿದ್ದ ಅಜ್ಜಿಯೊಬ್ಬರು ಜಾರಿ ಬಿದ್ದರು. ಹಿಂದಿನವರಿಗೆ ಅದು ಕಾಣಲೇ ಇಲ್ಲ, ತಳ್ಳುತ್ತಲೇ ಇದ್ದರು. ಇಬ್ಬರು ಕಾಲೇಜು ಹುಡುಗರು ಕಂಬಿ ಹಿಡಿದು ಅಡ್ಡ ನಿಂತಿದ್ದಕ್ಕೆ ಅವರು ಬದುಕಿದರು. ಮಂಡಿಯಿಂದ ರಕ್ತ ಸುರಿಯುತ್ತಿದ್ದರೂ ಆಕೆ ಕೇಳುತ್ತಿದ್ದದ್ದು ಗಾಡಿ ಹೋಯ್ತಾ ಅಂತ.

2017ರ ಸೆಪ್ಟೆಂಬರ್ 29ರಂದು ಮುಂಬೈನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟು ಮೇಲ್ಸೇತುವೆಯಲ್ಲಿ ಕಾಲ್ತುಳಿತಕ್ಕೆ 23 ಜನ ಸತ್ತರು. 2025ರ ಫೆಬ್ರವರಿ 15ರ ರಾತ್ರಿ ನವದೆಹಲಿ ನಿಲ್ದಾಣದಲ್ಲಿ 18 ಜನ. ಅಲ್ಲೂ ಮೆಟ್ಟಿಲೇ. ಮುಂಬೈಗೆ ಆಮೇಲೆ ಸೇನೆಯವರು ಬಂದು 2018ರ ಫೆಬ್ರವರಿಯೊಳಗೆ ಹೊಸ ಸೇತುವೆ ಕಟ್ಟಿಕೊಟ್ಟರು. ಮನಸ್ಸು ಮಾಡಿದರೆ ಕೆಲವೇ ತಿಂಗಳ ಕೆಲಸ, ಅಲ್ವಾ? ಅದನ್ನು ಜೀವ ಹೋಗುವ ಮೊದಲೇ ಮಾಡಿ.

ಇನ್ನೊಂದು ಮಾತು. ನೀವು ಹಾಕಿರುವ ಬೋರ್ಡಿನ ಚಿತ್ರದಲ್ಲಿ ಗಾಜಿನ ಗೋಡೆ ಇದೆ, ಅಂಗಡಿ ಸಾಲಿದೆ. ಹೊಸ ಮೆಟ್ಟಿಲು ಎಷ್ಟು ಅಗಲ ಅಂತ ಎಲ್ಲೂ ಬರೆದಿಲ್ಲ. 22 ಬೋಗಿಯ ಗಾಡಿ ಅರ್ಧ ಕಿಲೋಮೀಟರಿಗಿಂತ ಉದ್ದ. ಜನರಲ್ ಬೋಗಿಗಳು ಸಾಮಾನ್ಯವಾಗಿ ತುದಿಗಳಲ್ಲಿರುತ್ತವೆ. ಜಾಸ್ತಿ ಜನ ಇಳಿಯುವುದೂ ಅಲ್ಲೇ. ಅವರಿಗೆ ಹೊರಗೆ ಹೋಗಲು ಹತ್ತಿರದಲ್ಲೇ ದಾರಿ ಬೇಕು. ಗಾಲಿಕುರ್ಚಿ ಹೋಗುವಂಥ ಇಳಿಜಾರೂ ಬೇಕು. ನಿಲ್ದಾಣದಲ್ಲಿ ಎಷ್ಟು ಜನ ಹಿಡಿಸುತ್ತಾರೆ ಅನ್ನುವುದನ್ನು ಚಾವಣಿ ಅಳೆದು ಹೇಳಲಾಗದು. ಎಷ್ಟು ಬೇಗ ಖಾಲಿಯಾಗುತ್ತದೆ ಅಂತ ನೋಡಬೇಕು.

ತಾತ್ಕಾಲಿಕ ಸೇತುವೆ ಯಾವ ದಿನ ತೆರೆಯುತ್ತದೆ? ಅಲ್ಲಿಯವರೆಗೆ ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆವರೆಗೆ ಮೆಟ್ಟಿಲ ಬಳಿ ನಿಮ್ಮ ಸಿಬ್ಬಂದಿ ನಿಂತು, ಹತ್ತುವವರನ್ನೂ ಇಳಿಯುವವರನ್ನೂ ಬೇರೆ ಬೇರೆ ಬಿಡುತ್ತಾರಾ? ಎರಡಕ್ಕೂ ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ.

ಇಂತಿ,
ದಿನನಿತ್ಯದ ಪ್ರಯಾಣಿಕಳು