ರಿಂಗ್ ಪಕ್ಕದ ಡಾಕ್ಟರನ ವಂದನೆಗಳು

ನ್ಯೂಜೆರ್ಸಿಯ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ನವರು ಈ ಸಲ ಗೌರವಿಸಿದವರಲ್ಲಿ ನಾನೂ ಒಬ್ಬ. ಫೋನ್ ಮಾಡಿ ಹಾರೈಸಿದವರಿಗೆ, ಅಷ್ಟು ದೂರದಿಂದ ಸಮಾರಂಭಕ್ಕೆ ಬಂದವರಿಗೆ ಮನಸಾರೆ ವಂದನೆಗಳು.

37ನೇ ವಯಸ್ಸಿನಲ್ಲಿ, 1951ರಲ್ಲಿ, ಹೆವಿವೇಟ್ ವಿಶ್ವ ಚಾಂಪಿಯನ್ ಆದ ಜೆರ್ಸಿ ಜೋ ವಾಲ್ಕಾಟ್ ಈ ನೆಲದವರು. ಅಂಥ ರಾಜ್ಯದಲ್ಲಿ ಗುದ್ದಿ ಗೆದ್ದವರ ಜೊತೆಗೆ, ಪಂದ್ಯ ನಿಲ್ಲಿಸುವ ಡಾಕ್ಟರನನ್ನೂ ಕರೆದು ಕೂರಿಸಿದ್ದು ದೊಡ್ಡ ಮಾತು.

ಈ ಕೆಲಸ ನನಗೆ ಕಲಿಸಿದವರು ಒಬ್ಬ ಹಿರಿಯ ಕಟ್‌ಮನ್, ಅಂದರೆ ಪಂದ್ಯದ ನಡುವೆ ಬಾಕ್ಸರನ ಗಾಯದ ರಕ್ತ ನಿಲ್ಲಿಸುವವರು. ಹೆಸರು ಬರೆಯಬೇಡಿ ಅಂದಿದ್ದಾರೆ, ಬರೆಯುವುದಿಲ್ಲ. ಎರಡು ರೌಂಡ್‌ಗಳ ನಡುವೆ ಸಿಗುವುದು ಒಂದೇ ನಿಮಿಷ. ಅಷ್ಟರಲ್ಲೇ ಅವರು ರಕ್ತ ಒರೆಸಿ, ರಕ್ತ ಕಟ್ಟಿಸುವ ಅಡ್ರಿನಲಿನ್ ಔಷಧಿಯಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಗಾಯದೊಳಕ್ಕೆ ಒತ್ತಿ ಹಿಡಿದು, ಮೇಲೆ ವ್ಯಾಸಲೀನ್ ಮೆತ್ತಿ ಹುಡುಗನನ್ನು ಎಬ್ಬಿಸುತ್ತಿದ್ದರು. ರಕ್ತ ಎಷ್ಟು ಬಂತು ಅಂತ ಅಳೆಯಬೇಡಿ, ಎಲ್ಲಿಂದ ಬಂತು ನೋಡಿ ಅನ್ನುವುದು ಅವರ ಪಾಠ. ಹುಬ್ಬಿನ ಮೇಲೆ ಸೀಳಿದರೆ ಮುಖವೆಲ್ಲ ಕೆಂಪಾದರೂ ಸಂಭಾಳಿಸಬಹುದು. ಕಣ್ಣಿನ ರೆಪ್ಪೆ ಸೀಳಿತೋ, ಗಾಯ ಸಣ್ಣದಾದರೂ ದೃಷ್ಟಿಗೇ ಕುತ್ತು. ಹೊಲಿಗೆ ಹಾಕುವುದನ್ನು ಮೈಸೂರು ಮೆಡಿಕಲ್ ಕಾಲೇಜಿನ ಮೇಷ್ಟ್ರುಗಳು ಕಲಿಸಿದ್ದರು, ಅವರಿಗೂ ನಮಸ್ಕಾರ. ಆದರೆ ಯಾವಾಗ ಸಾಕು ಅನ್ನಬೇಕು ಅಂತ ಕಲಿತದ್ದು ಈ ಪುಣ್ಯಾತ್ಮರಿಂದ.

ನಾನು ಪಂದ್ಯ ನಿಲ್ಲಿಸಿದ ಹುಡುಗರಿಗೆ ಎಲ್ಲರಿಗಿಂತ ಹೆಚ್ಚು ಋಣಿ. "ಇನ್ನೊಂದೇ ರೌಂಡು ಡಾಕ್ಟ್ರೇ" ಅಂತ ಅಂಗಲಾಚಿದವರಿದ್ದಾರೆ, ಕೋಪದಲ್ಲಿ ಗ್ಲೌಸ್ ಎಸೆದವರಿದ್ದಾರೆ. ಅವರಿಗೆಲ್ಲ ನ್ಯೂಜೆರ್ಸಿಯದೇ ಹೆವಿವೇಟ್ ಬಾಕ್ಸರ್ ಚಕ್ ವೆಪ್ನರ್ ಕಥೆ ಹೇಳುತ್ತಿದ್ದೆ. 1970ರಲ್ಲಿ ಇಲ್ಲೇ ಜೆರ್ಸಿ ಸಿಟಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಸನ್ನಿ ಲಿಸ್ಟನ್ ಎದುರು ಅವರ ಮುಖ ಸೀಳಿಹೋಗಿ ಪಂದ್ಯ ನಿಂತಿತು. 1975ರಲ್ಲಿ ಅದೇ ವೆಪ್ನರ್ ಮಹಮ್ಮದ್ ಅಲಿಯ ಎದುರು 15ನೇ ರೌಂಡ್‌ವರೆಗೂ ಕಾದಾಡಿದರು. ಇವತ್ತು ನಿಂತರೆ ನಾಳೆ ಉಳಿಯುತ್ತದೆ ಅಂತ ನಂಬಿ ಕೆಳಗಿಳಿದ ಆ ಹುಡುಗರಲ್ಲಿ ಒಬ್ಬರು ಸಮಾರಂಭಕ್ಕೆ ಮಗಳನ್ನು ಕರೆತಂದಿದ್ದರು. "ಅಪ್ಪನ ಕಣ್ಣು ಉಳಿಸಿದ ಡಾಕ್ಟರ್ ಇವರೇ" ಅಂತ ಅವಳಿಗೆ ನನ್ನನ್ನು ಪರಿಚಯಿಸಿದಾಗ ನನ್ನ ಗಂಟಲು ಕಟ್ಟಿತು.

ಪಂದ್ಯಗಳು ಬರುತ್ತಿದ್ದದ್ದು ಹೆಚ್ಚಾಗಿ ಶನಿವಾರ ರಾತ್ರಿ. ಕನ್ನಡ ಕೂಟದ ಯುಗಾದಿಯೂ ರಾಜ್ಯೋತ್ಸವವೂ ಶನಿವಾರವೇ. ನಾನಿಲ್ಲದೆ ಮಕ್ಕಳನ್ನು ಕರೆದುಕೊಂಡು ಹೋಗಿ, ನನ್ನ ಪಾಲಿನ ಹೋಳಿಗೆ ಡಬ್ಬಿಗೆ ಹಾಕಿಸಿಕೊಂಡು ಬರುತ್ತಿದ್ದ ನನ್ನಾಕೆಗೆ ಈ ಗೌರವದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿದೆ. ಫೋಟೋ ಕೇಳಿದವರಿಗೆಲ್ಲ ಅವಳೇ ಈ ವಾರ ಕಳಿಸುತ್ತಾಳೆ.