ಮಗಳಿಗೊಂದು ಪತ್ರ: ಎರಿ ಹೊಲದ ಋಣ

ನವನಗರ, ಬಾಗಲಕೋಟೆ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಆಗಲೇ ಉತ್ತರ ಕೊಡಲಿಲ್ಲ. “ಅಪ್ಪಾ, ವಯಸ್ಸಾತಂತ ಅಂಜಿ ನಂಬಾಕ ಹತ್ತಿ ಏನು?” ಎಂದು ಕೇಳಿದೆ. ಆಮೇಲೆ ದನಿ ತಗ್ಗಿಸಿ, ದೇವರಿಲ್ಲವೆಂದು ಪೂರ್ತಿ ತಿಳಿದು ಬದುಕಿದವನು ಮುಂದೊಂದು ದಿನ ನಿಜವಾಗಿಯೂ ದೇವರನ್ನು ನಂಬಬಲ್ಲನೇ ಎಂದೂ ಕೇಳಿದೆ. ಈ ಎರಡನೆಯ ಪ್ರಶ್ನೆ ದೊಡ್ಡದು. ಫೋನಿನಲ್ಲಿ ಅದಕ್ಕೆ ಉತ್ತರಿಸಲು ಹೋದರೆ ನಾನು ಮುಚ್ಚಿಟ್ಟಿದ್ದ ಸಂಗತಿಯೊಂದನ್ನು ಮತ್ತೆ ಮುಚ್ಚಿಡುತ್ತಿದ್ದೆನೇನೋ ಎಂಬ ಭಯದಿಂದ ಬರೆಯಲು ಕುಳಿತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ರಕ್ತದ ಬಣ್ಣ ತರಿಸುವುದನ್ನೂ, ಉರಿಯುವ ಕರ್ಪೂರವನ್ನು ಅಂಗೈಯಿಂದ ಅಂಗೈಗೆ ದಾಟಿಸುವುದನ್ನೂ ಊರೂರಿನ ಶಾಲೆಗಳಲ್ಲಿ ತೋರಿಸಿ, ಪವಾಡದ ಹೆಸರಿನಲ್ಲಿ ಬಡವರ ದುಡ್ಡು ಸುಲಿಯುವವರ ಬಣ್ಣ ಬಯಲು ಮಾಡಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ನಿವೃತ್ತಿಯಾದ ಮೇಲೂ ಯಾವ ಶಾಲೆಯವರು ಕರೆದರೂ ಹೋಗಿ ಅದನ್ನೇ ಮಾಡುತ್ತೇನೆ. ಹರಕೆ ಹೊತ್ತರೆ ಮಳೆ ಸುರಿಸುವ, ಕಾಣಿಕೆ ಕೊಟ್ಟರೆ ಕೋರ್ಟಿನ ವ್ಯಾಜ್ಯ ಗೆಲ್ಲಿಸುವ ದೇವರನ್ನು ನಾನು ಅಂದೂ ನಂಬಲಿಲ್ಲ, ಇಂದೂ ನಂಬುವುದಿಲ್ಲ.

ನೀನು ಎಂಟನೆಯ ತರಗತಿಯಲ್ಲಿದ್ದಾಗ ಬಾದಾಮಿಗೆ ಹೋಗಿದ್ದೆವು. ಚಾಲುಕ್ಯರ ಮಂಗಲೇಶನು ಬರೆಸಿದ 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ವಿಷ್ಣುವನ್ನು ನೋಡಿ, ಮೇಲೇರಿ ಜೈನರ ನಾಲ್ಕನೆಯ ಗುಹೆಗೆ ಬಂದಾಗ, ಜೈನರು ಸೃಷ್ಟಿಕರ್ತನಾದ ದೇವರನ್ನು ಒಪ್ಪುವುದಿಲ್ಲವೆಂದು ನಾನು ಹೇಳಿದೆ. “ಹಂಗಾದ್ರ ಇವರು ಯಾರಿಗೆ ಕೈ ಮುಗೀತಾರ?” ಎಂದು ನೀನು ಕೇಳಿದ್ದೆ. ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ನಮ್ಮ ಪ್ರಾಚೀನರು ನಾಸ್ತಿಕ ಎಂಬ ಪದವನ್ನು ವೇದಪ್ರಾಮಾಣ್ಯ ಒಪ್ಪದ ಜೈನ ಬೌದ್ಧರಿಗೂ ಅನ್ವಯಿಸಿದರು. ಈಶ್ವರನನ್ನು ಕೈಬಿಟ್ಟ ಸಾಂಖ್ಯರನ್ನು ಮಾತ್ರ ಆಸ್ತಿಕರ ಸಾಲಿನಲ್ಲಿಯೇ ಉಳಿಸಿಕೊಂಡರು. ಪದಗಳೇ ಇಷ್ಟು ತೊಡಕಾಗಿರುವಾಗ, ನಾಸ್ತಿಕನು ಆಸ್ತಿಕನಾದನೆಂದರೆ ಅವನು ಯಾವುದನ್ನು ಬಿಟ್ಟು ಯಾವುದನ್ನು ಹಿಡಿದನೆಂದು ಮೊದಲು ಕೇಳಬೇಕಾಗುತ್ತದೆ.

ಇಂಗ್ಲೆಂಡಿನ ತತ್ವಜ್ಞಾನಿ ಆಂಟನಿ ಫ್ಲೂ ಕ್ರೈಸ್ತ ಧರ್ಮಬೋಧಕನ ಮಗ. ಹದಿಹರೆಯದಲ್ಲಿಯೇ ನಂಬಿಕೆ ಕಳೆದುಕೊಂಡು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದೇವರ ವಿರುದ್ಧ ವಾದಿಸಿ, 2004ರಲ್ಲಿ, ತನ್ನ 81ನೆಯ ವಯಸ್ಸಿನಲ್ಲಿ, ಜಗತ್ತಿಗೊಂದು ಬುದ್ಧಿವಂತ ಮೂಲವಿದೆಯೆಂದು ಒಪ್ಪಿಕೊಂಡನು. ಆದರೆ ಅವನು ಒಪ್ಪಿದ್ದು ಅರಿಸ್ಟಾಟಲನು ಹೇಳಿದಂಥ, ಮನುಷ್ಯರ ಬದುಕಿನಲ್ಲಿ ಕೈಹಾಕದ ದೇವರನ್ನು. ಮರಣಾನಂತರದ ಬದುಕನ್ನು ಅವನು ಆಗಲೂ ಒಪ್ಪಲಿಲ್ಲ. ಮುದಿತನದಲ್ಲಿ ಬುದ್ಧಿ ಸಡಿಲವಾಯಿತೆಂದು ಅವನ ಬಗ್ಗೆಯೂ ಜನ ಆಡಿಕೊಂಡರು. ಸತ್ತ ಮೇಲೆ ಏನೂ ಸಿಗುವುದಿಲ್ಲವೆಂದು ತಿಳಿದವನು ಸಾವಿಗೆ ಅಂಜಿ ನಂಬಿದನೆನ್ನುವುದು ನನಗೆ ಸರಿಕಾಣುವುದಿಲ್ಲ. ಹಾಗೆಂದು ಅವನನ್ನು ಒಲಿಸಿದ ವಾದಗಳು ನನ್ನನ್ನು ಒಲಿಸಲಿಲ್ಲ. ಜೀವಕೋಶದ ಸಂಕೀರ್ಣತೆಯಿಂದ ದೇವರನ್ನು ಸಾಧಿಸಬಹುದೆಂದು ಜೀವಶಾಸ್ತ್ರದ ಪಾಠ ಹೇಳಿದ ನನಗೆ ಅನಿಸುವುದಿಲ್ಲ.

ನನ್ನನ್ನು ಕದಲಿಸಿದ್ದು ನೀನೇ ಹೇಳಿದ ಒಂದು ಕಥೆ. ಧಾರವಾಡದಲ್ಲಿ ಓದುತ್ತಿದ್ದಾಗ ದೀಪಾವಳಿಯ ರಜೆಗೆ ಬಂದ ನೀನು, ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ಬರೆದ ಹಡಗಿನ ಮಾಲೀಕನ ಪ್ರಸಂಗವನ್ನು ಹೇಳಿದ್ದೆ. ಹಡಗು ಹಳೆಯದು, ದುರಸ್ತಿಗೆ ಹಣ ಬೇಕು. ಮಾಲೀಕನಿಗೆ ಅನುಮಾನವಿತ್ತು, ಆದರೆ ಇಷ್ಟು ಪ್ರಯಾಣ ಮಾಡಿದ ಹಡಗು ಇದನ್ನೂ ಮಾಡೀತೆಂದು ಅವನು ತನ್ನನ್ನು ತಾನೇ ಒಪ್ಪಿಸಿಕೊಂಡನು. ಕೊನೆಗೆ ಪ್ರಾಮಾಣಿಕವಾಗಿಯೇ ಹಾಗೆ ನಂಬಿದನು. ಹಡಗು ಜನರೊಂದಿಗೆ ಮುಳುಗಿತು. ಒಂದು ವೇಳೆ ಅದು ಸುರಕ್ಷಿತವಾಗಿ ದಡ ಸೇರಿದ್ದರೂ ಅವನು ಅಷ್ಟೇ ಅಪರಾಧಿ, ಏಕೆಂದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ, ಸಿಕ್ಕಿಬೀಳಲಿಲ್ಲ ಎಂಬುದಷ್ಟೇ ವ್ಯತ್ಯಾಸ, ಎಂಬುದು ಕ್ಲಿಫರ್ಡನ ತೀರ್ಪು. ಸಾಕ್ಷ್ಯವಿಲ್ಲದೆ ದೇವರನ್ನು ನಂಬುವವರ ವಿರುದ್ಧ ನೀನು ಆ ಕಥೆ ಹೇಳಿದೆ. ನಾನು ತಲೆದೂಗಿದೆ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಏಕೆಂದರೆ, ಮಗಳೆ, ಆ ಹಡಗಿನ ಮಾಲೀಕ ನಾನೇ ಆಗಿದ್ದೆ. ನಿನ್ನ ಅಜ್ಜ ತೀರಿಕೊಂಡ ಮೇಲೆ ಹೊಲದ ವಾಟ್ನಿಯಾಗಿ ಪಾಲು ಹಂಚಿದಾಗ ಬಾವಿಯಿದ್ದ, ಕಪ್ಪು ಮಣ್ಣಿನ ನಾಲ್ಕು ಎಕರೆ ಎರಿ ಹೊಲವನ್ನು ನನ್ನ ಹೆಸರಿಗೆ ಹಚ್ಚಿಕೊಂಡು, ಕಲ್ಲು ತುಂಬಿದ ಮಡ್ಡಿಯನ್ನು ನಿನ್ನ ಕಾಕಾನಿಗೆ ಕೊಟ್ಟೆ. ಮಡ್ಡಿ ಎರಡು ಎಕರೆ ಹೆಚ್ಚಿಗೆ ಇದೆ, ಆದ್ದರಿಂದ ಲೆಕ್ಕ ಸರಿಹೋಯಿತು ಎಂದು ಅವನಿಗೆ ಹೇಳಿದೆ. ನನಗೂ ಹೇಳಿಕೊಂಡೆ, ಕೊನೆಗೆ ನಂಬಿಯೂ ಬಿಟ್ಟೆ. ಅವನು ಕಾಗದ ಓದಲೇ ಇಲ್ಲ. “ಅಣ್ಣ ಸಾಲಿ ಕಲ್ತಾನ, ಅಣ್ಣ ಹೇಳಿದ್ದೇ ಬರೋಬರಿ” ಎಂದು ಹೆಬ್ಬೆಟ್ಟು ಒತ್ತಿದ. ನಿನ್ನ ಆಯಿ ಒಂದು ಮಾತನ್ನೂ ಆಡಲಿಲ್ಲ. ಪಂಚರು ಎದ್ದುಹೋದ ಮೇಲೆ, ಒಲೆಯ ಕಡೆ ಮುಖ ಮಾಡಿಕೊಂಡು, “ನೋಡಾಂವ ಒಬ್ಬಾಂವ ನೋಡ್ತಾನ” ಎಂದಳು. ನಾನು ಅದನ್ನು ಮುದುಕಿಯ ಮೂಢನಂಬಿಕೆಯೆಂದು ತಳ್ಳಿಹಾಕಿದೆ.

ನೀನು ಕಥೆ ಹೇಳಿದ ಮೇಲೂ ಅವನ ಬಳಿ ಬಾಯಿಬಿಡಲು ನನಗೆ ಧೈರ್ಯ ಬರಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಿರುವಾಗಲೇ ಅವನು ಹೋಗಿಬಿಟ್ಟ. ಮರುವರ್ಷ ಆ ನಾಲ್ಕು ಎಕರೆಯನ್ನು ಅವನ ಮಗನ ಹೆಸರಿಗೆ ಮಾಡಿಸಿಕೊಟ್ಟು, ಹೊಸ ಪಹಣಿ ಉತಾರವನ್ನು ಅವನ ಕೈಗಿಟ್ಟೆ. ಊರವರು ನನ್ನನ್ನು ಹೊಗಳಿದರು, ನೀನೂ ಹೆಮ್ಮೆಪಟ್ಟೆ. ಆ ಹೆಮ್ಮೆಗೆ ನಾನು ಅರ್ಹನಲ್ಲವೆಂದು ಇಂದು ಹೇಳುತ್ತಿದ್ದೇನೆ.

ಹೊಲ ಹಿಂದಿರುಗಿತು, ಋಣ ತೀರಲಿಲ್ಲ. ಮೋಸಹೋದವನು ಮಣ್ಣಾಗಿದ್ದಾನೆ, ಹಾಗಿದ್ದರೆ ನಾನು ಯಾರಿಗೆ ಉತ್ತರ ಕೊಡಬೇಕು? ಇದು ಬಾಲ್ಯದ ಸಂಸ್ಕಾರ, ಗುಂಪಿನಲ್ಲಿ ಬಾಳುವ ಜೀವಿಯಲ್ಲಿ ವಿಕಾಸವು ಬೆಳೆಸಿದ ನಾಚಿಕೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಆ ವಿವರಣೆಯಲ್ಲಿ ತಪ್ಪೇನೂ ಇರಲಿಲ್ಲ. ಹಸಿವು ಹೇಗೆ ಹುಟ್ಟುತ್ತದೆಂದು ತಿಳಿದರೆ ಹೊಟ್ಟೆ ತುಂಬುವುದಿಲ್ಲವಲ್ಲ, ಹಾಗೆಯೇ ಅದು ನನ್ನನ್ನು ಋಣಮುಕ್ತನನ್ನಾಗಿ ಮಾಡಲಿಲ್ಲ ಅಷ್ಟೆ. ಮನುಕುಲಕ್ಕೆ ಉತ್ತರ ಕೊಡಬೇಕೆಂದು ಕ್ಲಿಫರ್ಡ್ ಹೇಳುತ್ತಾನೆ. ಆದರೆ ಮನುಕುಲಕ್ಕೆ ನನ್ನ ತಮ್ಮನ ಹೆಬ್ಬೆಟ್ಟಿನ ಸುದ್ದಿಯೇ ಗೊತ್ತಿಲ್ಲ.

ಆ ದಿನಗಳಲ್ಲಿ ವಿಜಯಪುರಕ್ಕೆ ಹೋಗಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಬೆಳಗಿನ ಪ್ರವಚನಗಳಿಗೆ ಕುಳಿತೆ. ಹಳೆಯ ಅಭ್ಯಾಸದಂತೆ, ತಪ್ಪು ಹಿಡಿಯಲು ಕೈಯಲ್ಲಿ ನೋಟ್‌ಬುಕ್ಕು ಹಿಡಿದೇ ಹೋಗಿದ್ದೆ. ಜೇಬಿಲ್ಲದ ಬಿಳಿ ಅಂಗಿ ತೊಟ್ಟ, ಪವಾಡದ ಮಾತೆತ್ತದ, 2018ರಲ್ಲಿ ಪದ್ಮಶ್ರೀಯನ್ನೂ ಬೇಡವೆಂದ ಆ ಮನುಷ್ಯನಲ್ಲಿ ಬಯಲು ಮಾಡಲು ನನಗೇನೂ ಸಿಗಲಿಲ್ಲ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ, ತಮಗೆ ಸ್ಮಾರಕ ಕಟ್ಟಬಾರದೆಂದು ಅವರು ಮೊದಲೇ ಬರೆದಿಟ್ಟಿದ್ದು ಎಲ್ಲರಿಗೂ ತಿಳಿಯಿತು. 1892ರ ಅಕ್ಟೋಬರಿನಲ್ಲಿ ಬೆಳಗಾವಿಗೆ ಬಂದ ವಿವೇಕಾನಂದರನ್ನು, ಸಂನ್ಯಾಸಿಗಳೆಂದರೆ ವಂಚಕರೆಂದೇ ಭಾವಿಸಿದ್ದ ಅರಣ್ಯಾಧಿಕಾರಿ ಹರಿಪದ ಮಿತ್ರರು ಮನೆಯಲ್ಲಿರಿಸಿಕೊಂಡು, ಚರ್ಚಿಸಿ, ಕೊನೆಗೆ ಪತ್ನಿಯೊಂದಿಗೆ ಅವರಿಂದಲೇ ದೀಕ್ಷೆ ಪಡೆದರು. ನನಗೆ ಅಷ್ಟೊಂದು ಆಗಲಿಲ್ಲ. ಆದರೆ ನಂಬುವವರೆಲ್ಲರೂ ಒಂದೋ ಮೋಸಗಾರರು, ಇಲ್ಲವೇ ಮೋಸಹೋದವರು ಎಂಬ ನನ್ನ ಗ್ರಹಿಕೆ ಅಲ್ಲಿ ಕಳಚಿತು. ನಂಬಿಕೆ ಬರಲಿಲ್ಲ, ಅದಕ್ಕೆ ಅಡ್ಡವಾಗಿದ್ದ ಒಂದು ಕಲ್ಲು ಸರಿಯಿತು.

ನಂಬಿಕೆ ಯಾವಾಗ ಬಂದಿತೆಂದು ದಿನ ಹೇಳಲಾರೆ. ಮುಂಜಾನೆ ನಡೆಯಲು ಹೋದಾಗ ತಮ್ಮನ ವಿಷಯವನ್ನು ಮನಸ್ಸಿನಲ್ಲಿ ಒಪ್ಪಿಸಿಕೊಳ್ಳುತ್ತಿದ್ದೆ. ಒಂದು ದಿನ ಇದ್ದಕ್ಕಿದ್ದಂತೆ, ನಾನು ನನ್ನೊಂದಿಗೆ ಮಾತನಾಡುತ್ತಿಲ್ಲವೆಂದು ಗಮನಕ್ಕೆ ಬಂದಿತು. ಮರೆಮಾಚಲು ಸಾಧ್ಯವಾಗದ, ಸುಳ್ಳು ಹೇಳಿದರೆ ನಡೆಯದ ಯಾರದೋ ಎದುರಿನಲ್ಲಿ ನಾನು ತಿಂಗಳುಗಟ್ಟಲೆ ನಿಂತಿದ್ದೆ. ನಂಬಬೇಕೆಂದು ನಾನು ತೀರ್ಮಾನಿಸಲಿಲ್ಲ, ನಂಬುತ್ತಿರುವುದನ್ನು ಕಂಡುಕೊಂಡೆ. ಸತ್ಯವೇ ದೇವರು ಎಂದು 1931ರಲ್ಲಿ ಗಾಂಧೀಜಿ ದೇವರೇ ಸತ್ಯ ಎಂಬ ತಮ್ಮ ಹಳೆಯ ವಾಕ್ಯವನ್ನು ತಿರುಗಿಸಿ ಹೇಳಿದ್ದು, ನಾಸ್ತಿಕನೂ ಸತ್ಯವನ್ನು ಅಲ್ಲಗಳೆಯಲಾರನೆಂಬ ಕಾರಣಕ್ಕೆ. ಆ ಬಾಗಿಲಿನಿಂದಲೇ ನಾನು ಒಳಗೆ ಬಂದೆನೆಂದು ತೋರುತ್ತದೆ.

ಬೇಕಾದದ್ದನ್ನು ನಂಬಿದೆಯಲ್ಲ, ಮತ್ತೆ ಹಡಗಿನ ಮಾಲೀಕನೇ ಆದೆಯಲ್ಲ ಎಂದು ನೀನು ಕೇಳಬೇಕು, ಕೇಳು. ನಾನೂ ನನ್ನನ್ನು ಹಾಗೆ ಕೇಳಿಕೊಂಡಿದ್ದೇನೆ. ಲೆಕ್ಕ ಕೇಳುವವರು ಯಾರೂ ಇಲ್ಲವೆಂದು ನಂಬುವುದು ನನಗೆ ಹೆಚ್ಚು ಅನುಕೂಲವಾಗಿತ್ತು, ವಾಟ್ನಿಯ ದಿನ ನನ್ನನ್ನು ಕಾಪಾಡಿದ್ದು ಆ ನಂಬಿಕೆಯೇ. ಇದು ನಾಸ್ತಿಕತೆಯ ದೋಷವಲ್ಲ, ನನ್ನ ದೋಷ. ದೇವರಿಲ್ಲವೆನ್ನುವ ನೀನು ಯಾರ ಹೊಲವನ್ನೂ ಕಸಿಯಲಾರೆ ಎಂಬುದು ನನಗೆ ಗೊತ್ತು. ನನ್ನ ಅನುಭವ ನಿನಗೆ ಪ್ರಮಾಣವಾಗಲಾರದು. ನನ್ನನ್ನು ಮೆಚ್ಚಿಸಲು ನೀನು ಕೈ ಮುಗಿದರೆ ನನಗೆ ನೋವಾಗುತ್ತದೆ.

ಎಳ್ಳಮಾವಾಸ್ಯೆಗೆ ಆ ಎರಿ ಹೊಲದಲ್ಲಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುವುದಿದೆ. ಬಿಳಿಜೋಳ ಈ ವರ್ಷ ಎದೆಯೆತ್ತರ ಬಂದಿದೆ, ಅಕ್ಕ ಬರಲೇಬೇಕೆಂದು ನಿನ್ನ ಕಾಕಾನ ಮಗ ಎರಡು ಸಲ ಹೇಳಿದ್ದಾನೆ. ಮೋಸದ ಸಂಗತಿಯನ್ನು ಅಂದು ಅವನಿಗೆ ಹೇಳಬೇಕೆಂದಿದ್ದೇನೆ, ಆಗ ನೀನು ನನ್ನ ಪಕ್ಕದಲ್ಲಿದ್ದರೆ ನನಗೆ ಬಲ ಬರುತ್ತದೆ. ಪೂಜೆಯ ಹೊತ್ತಿಗೆ ನೀನು ಬದುವಿನ ಮೇಲೆ ನಿಂತಿರು. ಅಷ್ಟು ವರ್ಷ ನಾನೂ ಅಲ್ಲಿಯೇ ನಿಂತಿದ್ದೆ. ಬುತ್ತಿಯನ್ನು ನಿನ್ನ ಅವ್ವ ಕಟ್ಟುತ್ತಾಳೆ, ಸಜ್ಜಿ ರೊಟ್ಟಿ ನಿನಗಾಗಿ ಬೇರೆ ಇಡಲು ಹೇಳಿದ್ದೇನೆ. ಯಾವ ಬಸ್ಸಿಗೆ ಹೊರಡುತ್ತೀಯೆಂದು ತಿಳಿಸು.

ಇಂತಿ,
ನಿನ್ನ ಅಪ್ಪ